ಗಿಫ್ಟ್ ಬಂದ ಬೀ ಹೋಟೆಲ್ ಪೂರಾ ಬಿಚ್ಚಿ, ಕಲಬುರಗಿ ಬಿಸಲಿಗೆ ತಡೆಯಂಗ ಮತ್ತ ಕಟ್ಟಿದ್ದು

ತಂಗಿ ಬೆಂಗಳೂರಿಂದ ಕಳಿಸಿದ ಈ ಬೀ ಹೋಟೆಲ್, ಅಂದ್ರ ಜೇನುಹುಳ ಗೂಡು ಮಾಡ್ಲಾಕ ಹಚ್ಚೋ ಡಬ್ಬಿ, ನೋಡ್ಲಾಕ ಭಾರಿ ಚಂದ ಅದ. ಮ್ಯಾಲೆ ಕೆಂಪು ಬಣ್ಣದ ಮಾಡು, ನಡಬರಕ ಒಂದ್ ಖಾನೆ ತುಂಬ ಪೈನ್ ಮರದ ಕಾಯಿ, ಬಾಜೂಕ ಕಟ್ಟಿಗಿ ಚಕ್ಕಿ, ಕೆಳಗ ಬಿದಿರಿನ ತುಂಡು, ತೂಗ್ಹಾಕ್ಲಾಕ ಒಂದ್ ಚೈನು. ಆನ್‌ಲೈನ್‌ದಾಗ ಬೀ ಹೋಟೆಲ್ ಅಂತ ಹುಡುಕಿದ್ರ ಇಂಥವೇ ಸಾಲ ಹಚ್ಚಿ ಬರ್ತಾವ. ಖರೇ ಹೇಳ್ಬೇಕಂದ್ರ ಇದು ಶೋಕೇಸಿಗಿ ಮಾಡಿದ ಸಾಮಾನು, ಹುಳಕ್ಕ ಮಾಡಿದ್ದಲ್ಲ, ಅದೂ ಮೇ ತಿಂಗಳದಾಗ 43-44 ಡಿಗ್ರಿ ಹೊಡಿಯೋ ನಮ್ಮ ಊರಿಗಂತೂ ಅಲ್ಲೇ ಅಲ್ಲ. ಅದಕ್ಕ ಸ್ಕ್ರೂಡ್ರೈವರ್ ತಗೊಂಡು ಪೂರಾ ಬಿಚ್ಚಿ, ಯಾವ್ದು ಇಟ್ಕೋಬೇಕು ಯಾವ್ದು ಒಗಿಬೇಕು ನೋಡಿ, ಮತ್ತ ಕಟ್ಟೀನಿ.

ಮದಲೇ ಹೇಳಿಬಿಡ್ತೀನಿ, ಇದರಾಗ ಜೇನುತುಪ್ಪ ಸಿಗಂಗಿಲ್ಲ. ಜೇನು ಅಂದ್ರ ನಮ್ಮ ಮಂದಿಗಿ ಕಣ್ಣಮುಂದ ಬರೋದು ನೀರಿನ ಟ್ಯಾಂಕಿಗಿ ಜೋತುಬಿದ್ದ ಹೆಜ್ಜೇನು, ಇಲ್ಲಂದ್ರ ನಿಂಬಿ ಗಿಡದಾಗಿನ ಕೋಲಜೇನು. ಈ ಡಬ್ಬಿಗಿ ಬರೋವು ಅವಲ್ಲ, ಒಂಟಿ ಜೇನು. ರಾಣಿ ಇಲ್ಲ, ಹುಟ್ಟಿ ಇಲ್ಲ, ಒಂದೊಂದು ಹೆಣ್ಣು ತನ್ನ ಪಾಡಿಗಿ ತಾ ಒಂದು ತೂತು ಹುಡುಕಿ, ಅದರಾಗ ಹೂಪುಡಿ ತುಂಬಿ, ತತ್ತಿ ಇಟ್ಟು, ಬಾಯಿ ಮುಚ್ಚಿ ಹೋಗ್ತದ. ಕಾಯ್ಲಾಕ ಹುಟ್ಟಿ ಇಲ್ಲಂದ ಮ್ಯಾಲೆ ಬೆನ್ನತ್ತಿ ಕಡಿಯೋ ಪ್ರಶ್ನೆನೂ ಇಲ್ಲ, ಕೈಯಾಗ ಒತ್ತಿ ಹಿಡಿದ್ರ ಮಾತ್ರ ಚುಚ್ಚಬಹುದು. ಇದನ್ನ ನಾ ಬಾಜೂಮನಿ ಕಾಕುಗ ಗ್ವಾಡಿ ಮ್ಯಾಲಿಂದ ಎಷ್ಟ್ ಸಲ ಹೇಳೀನೋ, "ಏನಪಾ, ಮಂದಿ ಹುಳ ಓಡಿಸ್ತಾರ, ನೀ ಮನಿಗಿ ಕರಕೊಂಡು ಬರ್ಲತಿ" ಅಂತ ಅವರದು ಒಂದೇ ಮಾತು.

ಸರಿ, ಬಿಚ್ಚಿದಾಗ ಕಂಡದ್ದು. ಬಿದಿರಿನ ತುಂಡು ಎರಡೂ ಕಡಿ ಬಾಯಿ ತೆರೆದಿದ್ದು, ಹಿಂದಿನ ಹಲಗಿಗಿ ಹತ್ತೂ ಇಲ್ಲ, ನಡುವ ಬೆಳಕು ಕಾಣ್ತದ. ಈ ಜೇನು ಹಿಂದ ಮುಚ್ಚಿದ ತೂತೇ ಬೇಕು ಅಂತಾವ, ಯಾಕಂದ್ರ ಹಿಂದಿಂದ ಗಾಳಿ, ಇರಬಿ, ಕಣಜದ ಹುಳ ಏನ್ ಬೇಕಾದ್ರೂ ಒಳಗ ಬರ್ತದ. ಉದ್ದ ನೋಡಿದ್ರ 7 ಸೆಂಟಿಮೀಟರ್, ಅಗಲ ನೋಡಿದ್ರ ಕೆಲವು ಹೆಬ್ಬೆಟ್ಟು ಹೋಗುವಷ್ಟು. ಬಾಯಿ ತುಂಬ ಸಿಬರು ಎದ್ದದ, ಒಳಗ ಹೊರಗ ಓಡಾಡೋ ಹುಳದ ರೆಕ್ಕಿ ಹರದು ಹೋಗ್ತದ. ಪೈನ್ ಕಾಯಿ, ಕಟ್ಟಿಗಿ ಚಕ್ಕಿ ಖಾನೆದಾಗ ಯಾವ ಜೇನೂ ಗೂಡು ಮಾಡಂಗಿಲ್ಲ, ಜೇಡ ಬಂದು ಬಲಿ ಕಟ್ಕೊಂಡು ಬಾಗಿಲ್ದಾಗೇ ಊಟಕ್ಕ ಕುಂದರ್ತದ. ಮಾಡು ಎದುರಿಗಿ ಒಂದ್ ಬೆರಳೂ ಚಾಚಿಲ್ಲ. ಮ್ಯಾಲೆ ವಾರ್ನಿಶ್ ವಾಸನಿ ಮೂಗಿಗಿ ಹೊಡಿತದ. ಚೈನಿನ ಮ್ಯಾಲೆ ತೂಗ್ಹಾಕಿದ್ರ ನಮ್ಮ ಮಾಳಗಿ ಗಾಳಿಗಿ ಅದು ತೊಟ್ಟಿಲ ಆಗ್ತದ, ತೂಗಾಡೋ ಮನಿಗಿ ಹುಳ ಇಳಿಯಂಗಿಲ್ಲ. ಇಟ್ಕೊಂಡದ್ದು ಹೊರಗಿನ ಚೌಕಟ್ಟು ಅಷ್ಟೇ. ಅದನ್ನೂ ಪಾಲಿಶ್ ಪೇಪರ್ ಹಚ್ಚಿ ವಾರ್ನಿಶ್ ಕೆರೆದು, ವಾಸನಿ ಹೋಗೋತನಕ ಮಾಳಗಿ ಮ್ಯಾಲೆ ಒಣಗಿಸಿ ಇಟ್ಟೆ.

ಚೌಕಟ್ಟಿನ ಆಳ ಕಮ್ಮಿ ಇತ್ತಲ್ಲ, ಗಂಜ್ ಕಡಿ ಹಣ್ಣಿನ ಅಂಗಡಿಯವ್ರು ಒಗಿಯೋ ಮಾವಿನಹಣ್ಣಿನ ಪೆಟ್ಟಿಗಿ ಪಟ್ಟಿ ತಂದು ಹಿಂದ ಜೋಡಿಸಿ 18 ಸೆಂಟಿಮೀಟರ್ ಮಾಡ್ದೆ. ಆ ಕಟ್ಟಿಗಿಗಿ ಬಣ್ಣ ಇಲ್ಲ, ಎಣ್ಣಿ ಇಲ್ಲ, ಅದು ಛಲೋ. ಹಿಂದಿನ ಹಲಗಿಗಿ ಮೊಳಿ ಹೊಡಿಲಾರದೆ ಸ್ಕ್ರೂ ಹಾಕೀನಿ, ಯಾಕಂದ್ರ ಮುಂದ ಸ್ವಚ್ಛ ಮಾಡ್ಲಾಕ ಬಿಚ್ಚಲೇಬೇಕು, ಬಿಚ್ಚಲಾಕ ಬರ್ಲಾರದ ಡಬ್ಬಿ ಎರಡನೇ ವರ್ಷಕ್ಕ ರೋಗದ ಡಬ್ಬಿ ಆಗ್ತದ.

ಈಗ ನಳಿಗಿ. ಇದೇ ಈ ಕೆಲಸದ ಜೀವ, ಇದರ ಮ್ಯಾಲೆ ಟೈಮ್ ಹಾಕ್ರಿ. ಬಿದಿರು ಬುಟ್ಟಿ ಹೆಣೆಯೋರ ಹತ್ರ ಹೋದ್ರ ತೆಳ್ಳನೆ ಕೊನಿ ತುಂಡು ಒಗದಿರ್ತಾರ, ಅವೇ ನಮಗ ಬೇಕಾದ್ದು. ಒಳಗಿನ ಅಗಲ 4 ಮಿಲಿಮೀಟರಿಂದ 10 ಮಿಲಿಮೀಟರ್ ತನಕ ಎಲ್ಲಾ ಸೈಜು ಬೆರಸಿ ಇಡಬೇಕು, ಸಣ್ಣ ಹುಳ ಸಣ್ಣದು ಹಿಡೀತದ ದೊಡ್ಡದು ದೊಡ್ಡದು. ಬಿದಿರಿಗಿ ಗೆಣ್ಣು ಇರ್ತದಲ್ಲ, ಆ ಗೆಣ್ಣೇ ಹಿಂದಿನ ಗ್ವಾಡಿ, ಅದಕ್ಕ ಗೆಣ್ಣಿನ ಆಚಿ ಒಂದ್ ಬೆರಳು ಬಿಟ್ಟು ಕೊಯ್ಬೇಕು, ಈಚಿ 15 ಸೆಂಟಿಮೀಟರ್ ಪೊಳ್ಳು ಸಿಗಬೇಕು. ಹ್ಯಾಕ್ಸಾ ಬ್ಲೇಡು ಸಣ್ಣ ಹಲ್ಲಿಂದು ತಗೊಳ್ರಿ, ಕೊಡಲಿಲೇ ಕಡದ್ರ ಸೀಳ್ತದ. ಒಳಗಿನ ಬಿಳೆ ಪೊರಿ ಸೈಕಲ್ ಕಡ್ಡಿಲೇ ಕೆರೀಬೇಕು. ಆಮ್ಯಾಲ ಪಾಲಿಶ್ ಪೇಪರ್ ಪೆನ್ಸಿಲಿಗಿ ಸುತ್ತಿ ಬಾಯಿ ಒಳಗ ತಿರುವ್ರಿ, ಕಿರುಬೆರಳು ಇಟ್ಟು ಸವರಿದ್ರ ಎಲ್ಲೂ ಹತ್ತಬಾರ್ದು.

15 ಸೆಂಟಿಮೀಟರ್ ಯಾಕಂತ ಕೇಳಿದ್ರ, ಇವುಗಳ ಲೆಕ್ಕ ಭಾಳ ಶಾಣ್ಯಾ ಲೆಕ್ಕ. ತಾಯಿ ಜೇನು ಫಲ ಆದ ತತ್ತಿ ಇಟ್ರ ಹೆಣ್ಣು, ಫಲ ಆಗಲಾರದ್ದು ಇಟ್ರ ಗಂಡು, ಅದು ಆಕಿ ಕೈಯಾಗೇ ಅದ. ಹೆಣ್ಣಿನ ತತ್ತಿ ತೂತಿನ ಹಿಂದಿನ ಕಡಿ ಇಡ್ತಾಳ, ಗಂಡು ಬಾಗಿಲ ಹತ್ರ, ಗಂಡು ಮದಲ ಹೊರಗ ಬಂದು ಹೆಣ್ಣಿಗಿ ಕಾಯ್ತಾವ. ತೂತು ಗಿಡ್ಡ ಇದ್ರ ಗಂಡಿನ ಪ್ರಮಾಣ ಹೆಚ್ಚಾಗ್ತದ, ಮುಂದಿನ ಸಲ ಗೂಡು ಕಟ್ಟೋರೇ ಕಮ್ಮಿ. ಹಂಗಾಗಿ ಆ 7 ಸೆಂಟಿಮೀಟರಿನ ತುಂಡು ಎಲ್ಲಾ ಒಲಿಗಿ ಹೋದ್ವು.

ಬಿದಿರು ಸಾಲಲಿಲ್ಲ. ನಮ್ಮ ಕಡಿ ಔಡಲ ಗಿಡಕ್ಕೇನು ಕಮ್ಮಿ, ರಸ್ತೆ ಬಾಜೂಕ, ಗಟಾರದ ದಂಡಿಗಿ ತಾನೇ ಬೆಳದು ನಿಂತಿರ್ತದ, ಅದರ ಒಣಗಿದ ದಂಟು ಒಳಗ ಪೊಳ್ಳು, ನಡುನಡುವ ಗೆಣ್ಣು. ಪುಕ್ಕಟ ಸಾಮಾನು. ಬಿದಿರಿನಷ್ಟು ಬಾಳಂಗಿಲ್ಲ, ಆದ್ರ ಒಂದ್ ಹಂಗಾಮಿಗಿ ಸಾಕು, ಹೆಂಗೂ ಬದಲಿ ಮಾಡೋದೇ ಅದ. ಇನ್ನೊಂದಿಷ್ಟು ಕಾಗದದ ನಳಿಗಿ ಮಾಡ್ದೆ, ಪೆನ್ಸಿಲಿಗಿ ಖಾಕಿ ಕಾಗದ ನಾಲ್ಕೈದು ಸುತ್ತು ಸುತ್ತಿ ಅಂಚಿಗಿ ಮೈದಾ ಅಂಟು, ಹಿಂದಿನ ಬಾಯಿಗಿ ಮಣ್ಣಿನ ಬೂಚು, ಸುಮಾರು 7 ಮಿಲಿಮೀಟರಿನ ತೂತು ತಯಾರು. ಪ್ಲಾಸ್ಟಿಕ್ ಸ್ಟ್ರಾ ಮಾತ್ರ ಬ್ಯಾಡ್ರಿ, ಒಳಗ ಬೆವತು ಹೂಪುಡಿಗಿ ಬೂಸು ಹಿಡೀತದ, ಮರಿಹುಳ ಸಾಯ್ತಾವ.

ಒಂದ್ ಖಾನೆಗಿ ಮಾವಿನ ಕಟ್ಟಿಗಿ ತುಂಡು ಇಟ್ಟು ಡ್ರಿಲ್ ಹೊಡದೀನಿ, 5, 6, 8 ಬಿಟ್. ಕೊಯ್ದ ಮುಖಕ್ಕ ಹೊಡಿಬ್ಯಾಡ್ರಿ, ಸಿಪ್ಪಿ ಇರೋ ಬಾಜೂಕ ಹೊಡೀರಿ, ಕೊಯ್ದ ಮುಖದಾಗ ಹೊಡದ್ರ ಒಣಗಿದಂಗ ಬಿರುಕು ಬಿಟ್ಟು ಒಂದ್ ತೂತಿಂದ ಇನ್ನೊಂದಕ್ಕ ದಾರಿ ಆಗ್ತದ. ನಡುನಡುವ ಬಿಟ್ ಹೊರಗ ಎಳದು ಪುಡಿ ಝಾಡಿಸ್ರಿ, ಇಲ್ಲಂದ್ರ ಹೊಗಿ ಬರ್ತದ, ಒಳಗ ಕರಕಲಾಗ್ತದ.

ಹಚ್ಚೋ ಜಾಗ. ಇಲ್ಲಿ ಪುಸ್ತಕದ ಮಾತು ನಡಿಯಂಗಿಲ್ಲ. ಥಂಡಿ ದೇಶದವ್ರು ದಿನಪೂರ್ತಿ ಬಿಸಲು ಬೀಳೋ ದಕ್ಷಿಣದ ಗ್ವಾಡಿ ಹುಡುಕ್ರಿ ಅಂತಾರ, ನಮ್ಮಲ್ಲಿ ಹಂಗ ಹಚ್ಚಿದ್ರ ಏಪ್ರಿಲ್ ಒಳಗ ಮರಿಹುಳ ಬೇಯ್ತಾವ. ಮುಂಜಾನಿ ಬಿಸಲು ಬೇಕು, ಮೈ ಕಾದ್ರೇನೇ ಅವು ಹಾರೋದು, ಆದ್ರ ಹತ್ತು ಹನ್ನೊಂದರ ಮ್ಯಾಲೆ ನೆಳ್ಳೇ ಬೇಕು. ನಮ್ಮ ಮನಿ ಮೂಡಲ ಗ್ವಾಡಿಗಿ ಛಜ್ಜಾದ ಕೆಳಗ ಎದಿ ಎತ್ತರಕ್ಕ ಹಚ್ಚೀನಿ, ಎರಡು ಎಲ್ ಪಟ್ಟಿ ಹೊಡದು ಅಲುಗಾಡ್ಲಾರದಂಗ. ಗ್ವಾಡಿಗೂ ಡಬ್ಬಿಗೂ ನಡುವ ಒಂದಿಂಚು ಸಂದಿ ಬಿಟ್ಟೀನಿ, ಯಾಕಂದ್ರ ನಮ್ಮ ಗ್ವಾಡಿ ರಾತ್ರಿ ಒಂಬತ್ತಾದ್ರೂ ಕೈ ಇಟ್ರ ಬಿಸಿ ಇರ್ತಾವ, ಆ ಕಾವು ಸೀದಾ ಒಳಗ ಹೋಗಬಾರ್ದು. ಮಾಡಿನ ಮ್ಯಾಲೆ ಇನ್ನೊಂದು ತಗಡು, ಅದಕ್ಕೂ ಮಾಡಿಗೂ ನಡುವ ಎರಡು ಕಟ್ಟಿಗಿ ಪಟ್ಟಿ ಇಟ್ಟು ಗಾಳಿ ಆಡಂಗ ಮಾಡಿ, ತಗಡಿಗಿ ಸುಣ್ಣ ಬಳದೀನಿ. ಎದುರಿಗಿ 5 ಸೆಂಟಿಮೀಟರ್ ಚಾಚೀನಿ, ಜೂನ್ ಜುಲೈ ಇರಚಲಿಗಿ ಅಷ್ಟಾದ್ರೂ ಬೇಕು. ಮುಂದ ದೊಡ್ಡ ಕಣ್ಣಿನ ಜಾಳಗಿ, ನಳಿಗಿ ಬಾಯಿಂದ ನಾಲ್ಕು ಬೆರಳು ದೂರ, ಗುಬ್ಬಿ ಕೊಕ್ಕು ಹಾಕ್ಲಾರದಂಗ, ಜೇನು ಮಾತ್ರ ಸಲೀಸ ಹಾಯ್ದು ಹೋಗಂಗ. ಎಲ್ ಪಟ್ಟಿಗಿ ಒಂದ್ ಪದರು ಗ್ರೀಸ್ ಸವರೀನಿ, ಇರಬಿ ಬರ್ಲಾಕ ಅದೊಂದೇ ದಾರಿ ಇತ್ತು. ಗ್ರೀಸ್ ಮ್ಯಾಲೆ ಧೂಳು ಕುಂತು ಗಟ್ಟಿ ಆದ್ರ ಇರಬಿ ಅದರ ಮ್ಯಾಲೇ ನಡದು ಬರ್ತಾವ, ಆವಾಗಾವಾಗ ಕೆರೆದು ಹೊಸದು ಹಚ್ಚಬೇಕು.

ಯಾರು ಬಂದ್ರು? ಮದಲ ಬಂದದ್ದು ಜೇನಲ್ಲ, ಕಣಜದ ಹುಳ. ಹಸಿ ಮಣ್ಣು ತಂದು ತೂತಿಗಿ ಅಡ್ಡ ಗ್ವಾಡಿ ಕಟ್ಟಿ ಒಳಗ ಹಸಿರು ಕೀಡಿ ತುಂಬ್ತಾವ, ಜೀವಂತ, ಚುಚ್ಚಿ ಅಲುಗಾಡ್ಲಾರದಂಗ ಮಾಡಿ. ಮಂದಿ ಇವನ್ನ ಓಡಿಸ್ತಾರ, ನಾ ಬಿಟ್ಟೀನಿ, ನನ್ನ ಗಿಡದ ಕೀಡಿ ಪುಕ್ಕಟ ಆರಿಸಿಕೊಂಡು ಹೋಗೋರಿಗಿ ಬಾಡಗಿ ಕೇಳ್ಲಾಕ ಆಗ್ತದೇನು.

ಆಮ್ಯಾಲ ಎಲಿ ಕತ್ತರಿಸೋ ಜೇನು. ಗುಲಾಬಿ ಎಲಿ ಅಂಚಿನಾಗ ಯಾರೋ ಕತ್ತರಿ ಹಚ್ಚಿದಂಗ ದುಂಡಗ ಕೊಯ್ದದ್ದು ಕಂಡ್ರ ಔಷಧ ಹೊಡಿಬ್ಯಾಡ್ರಿ, ಅದು ರೋಗ ಅಲ್ಲ, ಇವರ ಕೆಲಸ. ಒಂದಿನ ಮುಂಜಾನಿ ಕುರ್ಚಿ ಹಾಕ್ಕೊಂಡು ಕುಂತು ನೋಡ್ದೆ. ಎಲಿ ಅಂಚಿನ ಮ್ಯಾಲೆ ಕುಂತು ತನ್ನನ್ನ ತಾ ತಿರುಗಿಸ್ಕೋತ ಕೊಯ್ತದ, ತುಂಡು ಬಿಡೋ ಹೊತ್ತಿಗೇ ರೆಕ್ಕಿ ಶುರು ಮಾಡಿರ್ತದ, ಇಲ್ಲಂದ್ರ ತುಂಡಿನ ಸಂಗಟ ತಾನೂ ಬೀಳಬೇಕಲ್ಲ, ಆ ತುಂಡು ಹೊಟ್ಟಿ ಕೆಳಗ ಕಾಲಾಗ ಹಿಡಕೊಂಡು ಸೀದಾ ನಳಿಗಿ ಒಳಗ. ಉದ್ದನೆ ತುಂಡು ಬಾಜೂಕ ಸುತ್ಲಾಕ, ದುಂಡನೆ ತುಂಡು ಮುಚ್ಚಳಕ್ಕ. ಎಲಿ ಕೆಲಸ ಮುಗದ ಮ್ಯಾಲೆ ಹೂಪುಡಿ, ಅದನ್ನ ಕಾಲಿಗಿ ಕಟ್ಕೊಂಡು ಬರಂಗಿಲ್ಲ, ಹೊಟ್ಟಿ ಕೆಳಗಿನ ಕೂದಲಿಗಿ ಮೆತ್ಕೊಂಡು ಬರ್ತದ, ಹಳದಿ ಹೊಟ್ಟಿ ಕಂಡ್ರ ತಿಳ್ಕೊಳ್ರಿ. ಒಂದ್ ಕಾಗದದ ನಳಿಗಿ ಎಲ್ಲಾ ಮರಿ ಹೊರಗ ಬಿದ್ದ ಮ್ಯಾಲೆ ಸೀಳಿ ನೋಡಿದ್ರ ಒಳಗ ಎಲಿ ಬೀಡಿ ಸುತ್ತಿ ಒಂದರ ಹಿಂದ ಒಂದ್ ಜೋಡಿಸಿದಂಗ ಇತ್ತು, ಬೀಡಿ ಕಟ್ಟೋ ಕೈಗೂ ಅಷ್ಟ್ ಸಾಫ್ ಬರ್ತದೋ ಇಲ್ಲೋ.

ತೊಗರಿ ನಾಡಿನವ್ರು ಈ ಹುಳಕ್ಕ ಕೈ ಮುಗಿಬೇಕು ನೋಡ್ರಿ. ತೊಗರಿ ತನಗ ತಾನೇ ಕಾಯಿ ಕಟ್ತದ ಖರೇ, ಆದ್ರ ಹೂವಿಂದ ಹೂವಿಗಿ ಪರಾಗ ಸಾಗಿಸೋ ಕೆಲಸ ಹೆಜ್ಜೇನು ಮತ್ತ ಈ ಎಲಿ ಕತ್ತರಿಸೋ ಜಾತಿ ಭಾಳ ಮಾಡ್ತಾವ. ಇಲ್ಲಿಂದ ಹೈದ್ರಾಬಾದ ರೋಡಿಗಿ ಹೋದ್ರ ಪಟಾನ್‌ಚೆರುದಾಗ ಇಕ್ರಿಸ್ಯಾಟ್ ಅಂತ ಒಣ ಪ್ರದೇಶದ ಬೆಳಿ ಸಂಶೋಧನಾ ಸಂಸ್ಥೆ ಅದಲ್ಲ, ಅವ್ರು ತಂದ ಹೈಬ್ರಿಡ್ ತೊಗರಿ ಐಸಿಪಿಎಚ್ 2671, ಅದರ ಬೀಜ ತಯಾರಾಗೋದೇ ಹುಳದ ಮ್ಯಾಲೆ, ಪರಾಗ ಇಲ್ಲದ ಹೆಣ್ಣು ಸಾಲಿಗಿ ಗಂಡು ಸಾಲಿನ ಪರಾಗ ಜೇನು ಒಯ್ದು ಮುಟ್ಟಿಸಬೇಕು, ಮನಷ್ಯಾರ ಕೈಲೇ ಎಕರೆಗಟ್ಲೆ ಆಗೋ ಕೆಲಸ ಅಲ್ಲ ಅದು.

ಡಬ್ಬಿ ಕಥಿ ಆಯ್ತು, ಆದ್ರ ಡಬ್ಬಿಕಿಂತ ದೊಡ್ಡ ಕೆಲಸ ನೆಲದಾಗ ಅದ. ಜೇನಿನ ಜಾತಿಗಳೊಳಗ ಹತ್ತಕ್ಕ ಏಳರಷ್ಟು ಗೂಡು ಮಾಡೋದು ಮಣ್ಣಿನಾಗ. ನಮ್ಮ ಮನಿಗಳು ಹೆಂಗ ಅವ? ಗೇಟಿಂದ ಹಿತ್ತಲ ತನಕ ಶಹಾಬಾದ ಫರ್ಸಿ, ಸಂದಿಗೂ ಸಿಮೆಂಟು. ತೊಳಿಲಾಕ ಛಲೋ, ಹುಳಕ್ಕ ಊರೇ ಇಲ್ಲ. ನಾ ಹಿತ್ತಲ ಮೂಲ್ಯಾಗ ಎರಡು ಫರ್ಸಿ ಹಾರಿಲೇ ಎಬ್ಬಿಸಿ ತಗದೆ. ಕೆಳಗ ಎರಿ ಮಣ್ಣು, ಅದು ಮಳಿಗಿ ಉಬ್ಬಿ ಬಿಸಲಿಗಿ ಬಾಯಿ ಬಿಡೋ ಜಾತಿ, ಅದರಾಗ ಮಾಡಿದ ಸುರಂಗ ಉಳಿಯಂಗಿಲ್ಲ. ಮೊಣಕಾಲುದ್ದ ತಗ್ಗು ತೋಡಿ, ಆ ಮಣ್ಣು ತಗದು, ಕೆಂಪು ಮರಂ ಎರಡು ಪಾಲು ಉಸುಕು ಒಂದ್ ಪಾಲು ಬೆರಸಿ ತುಂಬಿ, ಕಾಲಿಲೇ ತುಳದು, ನೆಲಕಿಂತ ಒಂದ್ ಗೇಣು ಮ್ಯಾಲೆ ಇಳಿಜಾರು ಮಾಡೀನಿ, ನೀರು ನಿಲ್ಲಬಾರ್ದು. ಅದರ ಮ್ಯಾಲೆ ಏನೂ ಹಾಕಿಲ್ಲ, ಎಲಿ ಇಲ್ಲ ಗೊಬ್ಬರ ಇಲ್ಲ ನೀರಿಲ್ಲ. ಅವ್ವಗ ಅದು ಕಣ್ಣಿಗಿ ಚುಚ್ತದ, "ಇಷ್ಟ್ ಜಾಗ ಬರೇ ಬಿಟ್ಟೀದಿ, ಎರಡು ಮೆಂತ್ಯಾ ಕಾಳರ ಒಗಿ" ಅಂತಾಳ. ಯವ್ವಾ, ಬರೇ ಇರೋದೇ ಅದರ ಕೆಲಸ.

ಅಲ್ಲಿಗಿ ಬಂದದ್ದು ನೀಲಿ ಪಟ್ಟಿ ಜೇನು. ಹೊಟ್ಟಿ ಮ್ಯಾಲೆ ಹೊಳಿಯೋ ನೀಲಿ ಗೆರಿ, ಒಂದ್ ಕಡಿ ನಿಂದ್ರಂಗಿಲ್ಲ, ತುಳಸಿ ಹೂವಿಗಿ ಬಂದ್ರ ಝುಂ ಅಂತ ಸದ್ದೇ ಬ್ಯಾರೆ. ಸಂಜಿ ಹೊತ್ತು ಮುಳುಗೋ ಮುಂದ ಟಾರ್ಚ್ ಹಿಡದು ತುಳಸಿ ಒಣ ಕಡ್ಡಿ ನೋಡ್ರಿ, ಇವುಗಳ ಗಂಡು ಹುಳ ಸಾಲಾಗಿ ಕಡ್ಡಿಗಿ ಬಾಯಿಲೇ ಕಚ್ಕೊಂಡು ಮಲಗಿರ್ತಾವ, ಕಾಲು ಮುದುಡಿಕೊಂಡು. ಅದಕ್ಕೇ ನಾ ತುಳಸಿ ಒಣ ತೆನಿ ಎಲ್ಲಾ ಚಿವುಟೋದು ಬಿಟ್ಟೀನಿ.

ಬದನಿ ಗಿಡ ಹಚ್ಚಿದವ್ರು ಇದನ್ನ ಕೇಳ್ರಿ. ಬದನಿ ಹೂವಿನ ಪರಾಗ ಕೇಸರದ ಒಳಗ ಮುಚ್ಚಿ ಇರ್ತದ, ತುದಿಗಿ ಸಣ್ಣ ತೂತು ಅಷ್ಟೇ, ಟೊಮ್ಯಾಟೊದ್ದೂ ಹೆಚ್ಚುಕಮ್ಮಿ ಹಂಗೇ. ಹೂವು ಹಿಡದು ಗದಗದ ನಡುಗಿಸಿದ್ರ ಮಾತ್ರ ಪರಾಗ ಉದುರ್ತದ. ನೀಲಿ ಪಟ್ಟಿ ಜೇನಿಗಿ, ಕರಿ ದುಂಬಿಗಿ ಆ ಕಸಬು ಗೊತ್ತು, ಹುಟ್ಟಿ ಕಟ್ಟೋ ಜೇನಿಗಿ ಬರಂಗಿಲ್ಲ. ಹಂಗಾಗಿ ಜೇನು ಪೆಟ್ಟಿಗಿ ತಂದು ಇಟ್ರೆ ಬದನಿ ಭಾಳ ಆಗ್ತದ ಅನ್ನೋ ಲೆಕ್ಕ ಹಾಕ್ಬ್ಯಾಡ್ರಿ.

ಕರಿ ದುಂಬಿ ಮಾತು ಬಂತು, ಅದು ಬಾಗಿಲ ಚೌಕಟ್ಟು ಕೊರಿತದ ಅಂತ ಮಂದಿ ಹೊಡದು ಹಾಕ್ತಾರ. ನುಗ್ಗಿ ಗಿಡದ ಒಣ ಟೊಂಗಿ ಒಂದು ಕಂಪೌಂಡಿಗಿ ಅಡ್ಡ ಕಟ್ಟಿಟ್ಟೀನಿ, ಮೆತ್ತನೆ ಕಟ್ಟಿಗಿ ಸಿಕ್ರ ಅವು ಸಾಗವಾನಿ ಚೌಕಟ್ಟಿನ ಕಡಿ ಯಾಕ ಬರ್ತಾವ. ಮುಖದ ಮುಂದ ಬಂದು ಹೆದರಿಸೋದು ಹೆಚ್ಚಾಗಿ ಗಂಡು, ಅದಕ್ಕ ಕೊಂಡಿನೇ ಇಲ್ಲ. ಎಕ್ಕಿ ಗಿಡದ ಹೂವಿಗಿ ಪರಾಗ ಒಯ್ಯೋರೂ ಇವರೇ, ಆ ಗಿಡ ಕಸ ಅಂತ ಕೀಳಬ್ಯಾಡ್ರಿ, ಕೆಲವು ಜಾತಿ ಪಾತರಗಿತ್ತಿನೂ ಅದರ ಎಲಿ ಮ್ಯಾಲೆ ತತ್ತಿ ಇಡ್ತಾವ.

ನೀರು: ಅಗಲ ಬಾಯಿನ ಮಣ್ಣಿನ ಬೋಗುಣಿ, ಅದರ ತುಂಬ ಗರಸು ಕಲ್ಲು, ಕಲ್ಲಿನ ತಲಿ ನೀರಿಂದ ಮ್ಯಾಲೆ ಇರಬೇಕು, ಬರೇ ನೀರಿಟ್ರ ಮುಳುಗಿ ಸಾಯ್ತಾವ. ಸೊಳ್ಳಿ ಆಗಬಾರ್ದು ಅಂದ್ರ ಎರಡು ದಿನಕ್ಕೊಮ್ಮೆ ಚೆಲ್ಲಿ ಬ್ಯಾರೆ ಹಾಕ್ರಿ. ಬಾಜೂಕೇ ಒಂದ್ ತಟ್ಟ್ಯಾಗ ಹಸಿ ಮಣ್ಣು ಇಟ್ರ ಮಣ್ಣಿಲೇ ಬಾಗಿಲ ಮುಚ್ಚೋರಿಗಿ ಬೇಸಿಗಿದಾಗ ದೂರ ಹೋಗೋದು ತಪ್ತದ.

ಹೂವಿನ ವಿಷಯಕ್ಕ ಹೆಚ್ಚ ಬರಿಯಂಗಿಲ್ಲ. ನರ್ಸರಿದಾಗಿನ ಗುಚ್ಛ ಗುಚ್ಛ ಎಸಳಿನ ಚೆಂಡುಹೂವು, ಗುಲಾಬಿಕಿಂತ ಒಂಟಿ ಎಸಳಿನ ಹೂವು ಹುಳಕ್ಕ ಉಪಯೋಗ. ಕೊತ್ತಂಬ್ರಿ, ಸಬ್ಬಸಗಿ ಒಂದಿಷ್ಟು ಕೀಳಲಾರದೆ ಹೂ ಬಿಡ್ಲಾಕ ಬಿಡ್ರಿ, ಒಂದ್ ಸಾಲು ಕುಸುಬಿ ಹಾಕ್ರಿ. ತ್ರಾಸ ಇರೋದು ಬೇಸಿಗಿದಾಗ. ಬೇವು ಮಾರ್ಚ್ ಏಪ್ರಿಲ್ ಒಳಗ ಹೂ ಬಿಟ್ಟು ಮುಗಸ್ತದ, ಅದರ ಮ್ಯಾಲೆ ಮಳಿ ಬರೋತನಕ ಕರಿಬೇವು, ನುಗ್ಗಿ, ತುಳಸಿ ಇವೇ ಕೈ ಹಿಡಿಯೋವು, ಅವಕ್ಕ ನೀರು ತಪ್ಪಸಬ್ಯಾಡ್ರಿ.

ಔಷಧದ್ದು ಒಂದ್ ಖಡಕ್ ಮಾತು. ಬದನಿಗಿ ಜಿಗಿಹುಳ ಅಂತ ಹೋದ್ರ ಅಂಗಡಿಯವ್ರು ಇಮಿಡಾಕ್ಲೋಪ್ರಿಡ್ ಇರೋ ಬಾಟ್ಲಿ ಕೊಡ್ತಾರ. ಅದು ಎಲಿ ಮ್ಯಾಲೆ ಅಷ್ಟೇ ಇರಂಗಿಲ್ಲ, ಗಿಡದ ರಸದಾಗ ಸೇರಿ ಹೂವಿನ ಪರಾಗ, ಮಕರಂದಕ್ಕೂ ಬರ್ತದ. ಯುರೋಪಿನವ್ರು 2018ರಾಗ ಅದನ್ನ ಬಯಲಿನ ಬೆಳಿಗಿ ಬಂದ್ ಮಾಡ್ಯಾರ, ಜೇನಿನ ಸಲುವಾಗೇ. ಮನಿ ಹಿತ್ತಲದಾಗ ನಾಲ್ಕು ಗಿಡಕ್ಕ ಅದು ಯಾಕ ಬೇಕ್ರಿ. ಸಬಕಾರ ನೀರು, ಬೇವಿನೆಣ್ಣಿ, ಅದೂ ಹೊತ್ತು ಮುಳುಗಿದ ಮ್ಯಾಲೆ, ಹೂವು ತಪ್ಪಿಸಿ.

ಡಬ್ಬಿ ನಿಗಾ ಹೆಂಗಂದ್ರ, ಬಾಯಿ ಮುಚ್ಚಿದ ನಳಿಗಿ ಮುಟ್ಟಬ್ಯಾಡ್ರಿ. ನಮ್ಮ ಹವಾಕ್ಕ ವರ್ಷಕ್ಕ ಒಂದಲ್ಲ, ಹಲವು ತಲೆಮಾರು ಬರ್ತಾವ. ಮುಚ್ಚಳ ಒಡದು ಹೊರಗ ಬಂದದ್ದು ಖಾತ್ರಿ ಆದ ಮ್ಯಾಲೆ ಆ ನಳಿಗಿ ತಗದು ಹೊಸದು ಹಾಕ್ರಿ, ಕಟ್ಟಿಗಿ ತೂತು ಬ್ರಷ್ಷಿಲೇ ಸ್ವಚ್ಛ ಮಾಡ್ರಿ. ಹಳೇದ್ರಾಗ ಬೂಸು, ನುಸಿ ಕುಂತಿರ್ತದ. ಡಬ್ಬಿ ಮುಂದ ಚೂಪು ಬಾಲದ ಒಂದ್ ಜೇನು ಸುಮ್ನೆ ಸುಳದಾಡೋದು ಕಂಡ್ರ ಅದು ಕಳ್ಳ ಜೇನು, ಎಲಿ ಕತ್ತರಿಸೋ ಜೇನು ಹೊರಗ ಹೋದ ಹೊತ್ತು ನೋಡಿ ಒಳಗ ತನ್ನ ತತ್ತಿ ಇಟ್ಟು ಬರ್ತದ, ಅದರ ಮರಿ ಇವರ ಹೂಪುಡಿ ತಿಂದು ಬೆಳೀತದ. ಹಸಿರು ಮಿಂಚಿನ ಕಣಜದ್ದೂ ಇಂಥದೇ ಉದ್ಯೋಗ. ಇವನ್ನ ಬಡದು ಉಪಯೋಗ ಇಲ್ಲ, ದೊಡ್ಡ ಒಂದೇ ಡಬ್ಬಿ ಕಟ್ಟೋ ಬದಲಿ ಸಣ್ಣ ಸಣ್ಣ ಮೂರು ನಾಲ್ಕು ಕಟ್ಟಿ ದೂರ ದೂರ ಹಚ್ರಿ, ಕಳ್ಳರಿಗಿ ಹುಡುಕೋ ಕೆಲಸ ಹೆಚ್ಚಾಗ್ತದ.

ಎರಡನೇ ಡಬ್ಬಿ ಬಾಜೂಮನಿ ಕಾಕುನ ಮಾಳಗಿಗೇ ಹೊಂಟದ, ಹುಳ ಹುಳ ಅಂತಿದ್ದವ್ರೇ ಈಗ ಕೇಳ್ಲತಾರ, ಯಾಕಂದ್ರ ಅವರ ಹೀರಿ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಹಳದಿ ಆಗಿ ಉದುರ್ತಾವ. ಡಬ್ಬಿ ಕೊಡ್ತೀನಿ ಕಾಕು, ಆದ್ರ ಹೀರಿ ಹೂವು ಅರಳೋದು ಸಂಜಿಗಿ, ಅಷ್ಟೊತ್ತಿಗಿ ಈ ಹುಳ ಮನಿ ಸೇರಿರ್ತಾವ, ಆ ಕೆಲಸ ರಾತ್ರಿ ಪತಂಗದ್ದು. ಡಬ್ಬಿ ನಿಮ್ಮ ಬದನಿಗಿ, ಗುಲಾಬಿಗಿ ಬಂತು. ಹೀರಿಗಿ ಮಾತ್ರ ಸಂಜಿ ಆರೂವರಿಗಿ ಮಾಳಗಿ ಹತ್ತಿ, ಕೆಳಗ ಕಾಯಿ ಇಲ್ಲದ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಬುಡದಾಗ ಎಳೆ ಕಾಯಿ ಇರೋ ಹೆಣ್ಣು ಹೂವಿನ ನಡುವ ಮೆಲ್ಲಕ ಸವರ್ರಿ, ಒಂದ್ ಗಂಡು ಹೂವು ಎರಡು ಮೂರು ಹೆಣ್ಣಿಗಿ ಸಾಕಾಗ್ತದ.